ಓಜೆಲ್ಲಾ ಟಾರ್ವರ್ ಹೆಸರಿನಲ್ಲಿ ಒಂದು ಕಾರ್ಡು

ಆರ್ಡೆಲ್, ಜಾರ್ಜಿಯಾ
ಮಾರ್ಚ್ 6, 1960

ಮುದ್ದು ವರ್ಡೀ,

ನೀನು ಕಳಿಸಿದ ಟೊಪ್ಪಿ ಬಂತು. ಅದರ ನೇರಳೆ ಗರಿ ನೋಡಿ ಇಡೀ ಚರ್ಚು ಪ್ರಾರ್ಥನೆ ಬಿಟ್ಟು ನನ್ನ ತಲೆಯನ್ನೇ ನೋಡುತ್ತಿತ್ತು. ಹಿಂದಿನ ಬೆಂಚಿನ ಮ್ಯಾಟೀ, "ಗರಿ ತೆಗಿ ಓಜೆಲ್ಲಾ, ಪಾದ್ರಿ ಕಾಣ್ತಿಲ್ಲ" ಎಂದಳು. "ಕಿವಿ ಇದೆಯಲ್ಲ, ಕೇಳಿಸ್ಕೋ" ಎಂದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಿಚೆಟ್ ದೊರೆಸಾನಿಯ ಗುರುವಾರದ ಪುಸ್ತಕ ಕೂಟ ನಿನಗೆ ನೆನಪಿರಬೇಕು. ಆಕೆಯೇ ಅದರ ಅಧ್ಯಕ್ಷೆ. ಅಧ್ಯಕ್ಷೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಆಕೆ ಒಂದು ಪುಸ್ತಕವನ್ನೂ ಕೊನೆಯವರೆಗೆ ಓದಿಲ್ಲ ಎನ್ನುವುದು ಆಕೆಗೂ ನನಗೂ ಮಾತ್ರ ಗೊತ್ತು. ಸೋಮವಾರ ಆಕೆ ಚೀಟಿ ಬರೆಯುತ್ತಾಳೆ. ನಾನು ಬುಟ್ಟಿ ಹಿಡಿದು ಲೈಬ್ರರಿಯ ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ಪುಸ್ತಕ ತರುತ್ತೇನೆ. ಬುಧವಾರ ಸಂಜೆಯೊಳಗೆ ಓದಿ ಮುಗಿಸುತ್ತೇನೆ. ಗುರುವಾರ ಬೆಳಿಗ್ಗೆ ಪೈ ಮಾಡಲು ಹಿಟ್ಟು ನಾದುತ್ತಾ ಆಕೆಗೆ ಕಥೆ ಹೇಳುತ್ತೇನೆ. ಮಧ್ಯಾಹ್ನ ಆಕೆ ಅದನ್ನೇ ಕೂಟದಲ್ಲಿ ಒಪ್ಪಿಸುತ್ತಾಳೆ. "ನಾಯಕಿಯ ಗಂಡ ಹೇಡಿ" ಎಂದು ನಾನು ಅಡಿಗೆಮನೆಯಲ್ಲಿ ಹೇಳಿದ್ದನ್ನು ಹೋದ ವಾರ ಆಕೆ ಹಜಾರದಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ತಟ್ಟಬೇಕೆನಿಸಿತು, ಆದರೆ ಕೈಯಲ್ಲಿ ಕಾಫಿ ಬಟ್ಟಲುಗಳ ತಟ್ಟೆ ಇತ್ತು.

ಹೀಗಿರುವಾಗ ಮೊನ್ನೆ ಜೆನೀವಾ ಬಂದಿದ್ದಳು. ಊರಿನಲ್ಲಿ ನಮ್ಮ ಕರಿಯರ ಹೆಣಗಳಿಗೆ ಪೆಟ್ಟಿಗೆ ಮಾಡಿ ಹೂಳಿಸುವ ಕ್ರಂಪ್ ಇದ್ದಾನಲ್ಲ, ಅವನ ಮಗಳು. ಈಗ ನಮ್ಮ ಕಾಲೇಜಿನಲ್ಲಿ ಎರಡನೇ ವರ್ಷ. "ಆಂಟೀ, ಲೈಬ್ರರಿ ಒಳಗಡೆ ಹೇಗಿದೆ ಅಂತ ಗೊತ್ತಿರೋದು ನಮ್ಮ ಜನದಲ್ಲಿ ನಿಮಗೊಬ್ರಿಗೇ. ಒಂದು ನಕ್ಷೆ ಬರ್ಕೊಡ್ತೀರಾ?" ಎಂದಳು. ಯಾಕೆ ಎಂದರೆ, ಹುಡುಗ ಹುಡುಗಿಯರೆಲ್ಲ ಬಿಳಿಯರಿಗೆ ಮಾತ್ರ ಎಂಬ ಆ ಲೈಬ್ರರಿಗೆ ಒಂದು ದಿನ ಮುಂಬಾಗಿಲಿನಿಂದ ಹೋಗಿ, ಕುರ್ಚಿಯಲ್ಲಿ ಕೂತು, ಪುಸ್ತಕ ಓದಿ, ಮನೆಗೆ ಪುಸ್ತಕ ಒಯ್ಯುವ ಕಾರ್ಡು ಕೇಳುತ್ತಾರಂತೆ. ಬೈದರೆ ಬೈಸಿಕೊಳ್ಳುವುದು, ಹೊಡೆದರೆ ಕೈ ಎತ್ತದಿರುವುದು. ಚರ್ಚಿನ ನೆಲಮಾಳಿಗೆಯಲ್ಲಿ ಇದಕ್ಕೆಂದೇ ಅಭ್ಯಾಸ ನಡೆಯುತ್ತಿದೆ. ಒಬ್ಬರು ಬಿಳಿಯರ ಹಾಗೆ ಬೈಯುತ್ತಾರೆ, ಇನ್ನೊಬ್ಬರು ಸುಮ್ಮನೆ ಪುಟ ತಿರುವುತ್ತಾರೆ. ಬೈಯುವ ಪಾತ್ರಕ್ಕೆ ಮ್ಯಾಟೀಯನ್ನು ಹಾಕಿದ್ದಾರೆ. ಅವಳಿಗೆ ಅಭ್ಯಾಸ ಬೇಕಾಗಿಲ್ಲ.

ನಕ್ಷೆ ಬರೆದುಕೊಟ್ಟೆ. ಅಷ್ಟು ಕುರ್ಚಿ ಬರೆದೆ, ಒಂದರಲ್ಲೂ ನಾನು ಕೂತಿಲ್ಲ ವರ್ಡೀ. ಶಾಲೆಯ ಹಿಂದಿನ ಕೋಣೆಯಲ್ಲಿ ನಮ್ಮವರಿಗೆಂದು ಇಟ್ಟಿರುವ ಪುಸ್ತಕಗಳಿಗೆಲ್ಲ ಕೊನೆಯ ಪುಟಗಳೇ ಇಲ್ಲ. ಇಷ್ಟು ವರ್ಷ ದೊರೆಸಾನಿಯ ಹೆಸರಿನಲ್ಲಿ ತಂದು ಓದಿದೆ. ನನಗೀಗ ಅರವತ್ತೊಂದು. ನನ್ನ ಹೆಸರು ಬರೆದ ಒಂದು ಕಾರ್ಡು ಬೇಕು. ಇದನ್ನು ನಿನ್ನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಹೇಳಿಲ್ಲ.

ನಿನ್ನ ಕಾರ್ಡು ಯಾವ ಬಣ್ಣ? ಈಗ ಯಾವ ಪುಸ್ತಕ ಓದುತ್ತಿದ್ದೀಯ?

ನಿನ್ನ ಅಕ್ಕ,
ಓಜೆಲ್ಲಾ


ಡೆಟ್ರಾಯಿಟ್
ಮಾರ್ಚ್ 15, 1960

ಅಕ್ಕಾ,

ನಕ್ಷೆ ಬರೆದೆಯಲ್ಲ, ಅಷ್ಟು ಸಾಕು. ಇನ್ನು ಬಾಗಿಲು ಹಾಕಿಕೊಂಡು ಮನೆಯಲ್ಲಿರು. ಜೆನೀವಾಗೆ ಹತ್ತೊಂಬತ್ತು, ಅವಳ ಅಪ್ಪನ ಗಿರಾಕಿಗಳು ನಮ್ಮವರೇ, ಬಿಳಿಯರು ಅವರ ಹೊಟ್ಟೆಯ ಮೇಲೆ ಹೊಡೆಯಲಾರರು. ನಿನ್ನ ಕಥೆ ಹಾಗಲ್ಲ. ನಿನ್ನ ದೊರೆಸಾನಿ ಆ ಲೈಬ್ರರಿ ಮಂಡಳಿಯಲ್ಲೇ ಇದ್ದಾಳೆ ಎಂದು ನೀನೇ ಬರೆದಿದ್ದೆ. ನಾನು ಇದನ್ನು ಓದಿ ಹೇಳಿದಾಗ ಎಲ್‌ರಾಯ್, "ನಿಮ್ಮಕ್ಕಂಗೆ ಈ ವಯಸ್ಸಲ್ಲಿ ಜೈಲು ನೋಡೋ ಆಸೆನಾ?" ಎಂದ. ನನ್ನ ಗಂಡ ವರ್ಷಕ್ಕೊಂದು ಸಲ ಸರಿಯಾದ ಮಾತಾಡುತ್ತಾನೆ, ಈ ವರ್ಷದ್ದು ಇದು.

ಕಾರ್ಡಿನ ಬಣ್ಣ ಕಾರ್ಡಿನ ಬಣ್ಣವೇ. ಹಳದಿ ಅನ್ನು. ಪುಸ್ತಕ ದಪ್ಪದ್ದು, ನೀಲಿ ರಟ್ಟು, ಬಹಳ ಚೆನ್ನಾಗಿದೆ, ಬಹಳ ಜನ ಸಾಯುತ್ತಾರೆ. ಹೋಟೆಲಿನಲ್ಲಿ ಈಗ ಹಾಸಿಗೆ ಬಟ್ಟೆಯ ಕೆಲಸ ಜಾಸ್ತಿ, ಓದುವುದಕ್ಕೆ ಪುರುಸೊತ್ತಿಲ್ಲ. ಇಲ್ಲಿ ಯಾರು ಬೇಕಾದರೂ ಲೈಬ್ರರಿಗೆ ಹೋಗಬಹುದು ನೋಡು, ಅದಕ್ಕೇ ಅವಸರವೂ ಇಲ್ಲ.

ಟೊಪ್ಪಿ ಹಾಕಿಕೊಂಡು ಚರ್ಚಿಗೆ ಮಾತ್ರ ಹೋಗು.

ವರ್ಡೀ


ಆರ್ಡೆಲ್
ಏಪ್ರಿಲ್ 4, 1960

ವರ್ಡೀ,

ಶನಿವಾರ ಹುಡುಗರು ಹೋದರು. ಒಟ್ಟು ಏಳು ಜನ. ಗಂಡುಹುಡುಗರು ಟೈ ಕಟ್ಟಿದ್ದರು, ಜೆನೀವಾ ಬಿಳಿ ಕೈಗವಸು ತೊಟ್ಟಿದ್ದಳು. ನನ್ನ ನಕ್ಷೆಯ ಪ್ರಕಾರ ನೇರ ಹೋಗಿ ಕಿಟಕಿ ಪಕ್ಕದ ಉದ್ದನೆಯ ಮೇಜಿನ ಸುತ್ತ ಕೂತರು. ಲೈಬ್ರರಿಯ ಮಿಸ್ ಟ್ಯಾಲಿ ಎದ್ದು ಬಂದು, "ನಿಮ್ಮ ಲೈಬ್ರರಿ ಶಾಲೆ ಹಿಂದ್ಗಡೆ ಇದೆ" ಎಂದಳಂತೆ. ಜೆನೀವಾ, "ಅಲ್ಲಿ ನನಗೆ ಬೇಕಾದ ಪುಸ್ತಕ ಇಲ್ಲ ಮೇಡಂ, ಇಲ್ಲಿದೆ" ಎಂದು ಪುಟ ತಿರುವಿದಳು. ಇಪ್ಪತ್ತು ನಿಮಿಷಕ್ಕೆ ಪೊಲೀಸರು ಬಂದರು. ಯಾರೂ ಕೈ ಎತ್ತಲಿಲ್ಲ, ಧ್ವನಿಯನ್ನೂ ಎತ್ತಲಿಲ್ಲ. ಏಳೂ ಜನರನ್ನು ಗಾಡಿ ಹತ್ತಿಸಿ ಕರೆದುಕೊಂಡು ಹೋದರು.

ನಾನು ನಾಲ್ಕು ಗಂಟೆಗೆ ಮನೆಯಲ್ಲಿದ್ದೆ. ಬೇರೆ ಏನೂ ಬರೆಯುವುದಕ್ಕಿಲ್ಲ.

ಓಜೆಲ್ಲಾ


ಡೆಟ್ರಾಯಿಟ್
ಏಪ್ರಿಲ್ 11, 1960

ನನ್ನ ಬಂಗಾರದ ಅಕ್ಕಾ,

ನಾಲ್ಕು ಗಂಟೆಗೆ ಮನೆಯಲ್ಲಿದ್ದೆ ಎಂದು ಓದಿ ಜೀವ ಬಂತು. ನನ್ನ ಮಾತು ನೀನು ಕೇಳಿದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಊರಿನಲ್ಲಿ ಬುದ್ಧಿ ಇರುವವಳು ನೀನೊಬ್ಬಳೇ ಎಂದು ಹೋಟೆಲಿನಲ್ಲಿ ಎಲ್ಲರಿಗೂ ಹೇಳಿದೆ. ಯಾಕೋ ಕಾಗದ ಮಾತ್ರ ಬಹಳ ಚಿಕ್ಕದಾಗಿತ್ತು. ಹಲ್ಲುನೋವೇ?

ವರ್ಡೀ


ಆರ್ಡೆಲ್
ಏಪ್ರಿಲ್ 17, 1960

ವರ್ಡೀ,

ಹಲ್ಲುನೋವಲ್ಲ. ನಾಚಿಕೆ. ನೀನು ನನ್ನನ್ನು ಊರೂರಿಗೆ ಹೊಗಳುವುದು ನಿಲ್ಲಿಸಲಿ ಎಂದು ಹೇಳಿಬಿಡುತ್ತೇನೆ.

ಆ ದಿನ ನಾನೂ ಹೋಗಿದ್ದೆ. ಏಳು ಜನ ಅಲ್ಲ, ಎಂಟು. ಮಿಸ್ ಟ್ಯಾಲಿ ಹೇಳಿದ್ದು ನನಗೆ ಯಾರೋ ಹೇಳಿದ್ದಲ್ಲ, ನನ್ನ ಕಿವಿಯಿಂದಲೇ ಕೇಳಿದ್ದು.

ಬೆಳಿಗ್ಗೆ ಒಳ್ಳೆಯ ಬಟ್ಟೆ ಹಾಕಿಕೊಂಡೆ, ನಿನ್ನ ಟೊಪ್ಪಿ ಇಟ್ಟುಕೊಂಡೆ. ಹೊರಡುವಾಗ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುವ ದೊರೆಸಾನಿಯ ಬುಟ್ಟಿಯನ್ನು ಕೈ ತಾನಾಗಿಯೇ ತೆಗೆದುಕೊಂಡಿದೆ. ಇಪ್ಪತ್ತಮೂರು ವರ್ಷದ ಕೈ, ನನ್ನನ್ನು ಕೇಳುತ್ತದೆಯೇ? ಲೈಬ್ರರಿಯ ಮೆಟ್ಟಿಲ ಮೇಲೆ ನೋಡಿಕೊಂಡೆ. ಆಗ ಎಲ್ಲಿ ಬಿಸಾಕಲಿ?

ಮುಂಬಾಗಿಲಿನಿಂದಲೇ ಹೋದೆ. ಹುಡುಗರು ಕೂತರು. ನಾನು ಕಾರ್ಡು ಕೇಳಲೆಂದು ಮಿಸ್ ಟ್ಯಾಲಿಯ ಮೇಜಿಗೆ ಹೋದೆ. ಬಾಯಿ ತೆರೆಯುವಷ್ಟರಲ್ಲಿ ಅವಳು, "ಅಯ್ಯೋ ಓಜೆಲ್ಲಾ, ಇವತ್ತೇ ಬರ್ಬೇಕಿತ್ತಾ ನೀನು? ಇಲ್ಲಿ ಗಲಾಟೆ ನೋಡು. ತಗೋ, ಪ್ರಿಚೆಟ್ ಅವರ ಪುಸ್ತಕ ತೆಗೆದಿಟ್ಟಿದೀನಿ" ಎಂದು ಮೂರು ಪುಸ್ತಕ ಎತ್ತಿ ಬುಟ್ಟಿಗೆ ಹಾಕಿ, ಠಸ್ಸೆ ಹೊಡೆದುಬಿಟ್ಟಳು. ಇಡೀ ಲೈಬ್ರರಿಯಲ್ಲಿ ಆ ದಿನ ನಮ್ಮವರಲ್ಲಿ ಪುಸ್ತಕ ಸಿಕ್ಕಿದ್ದು ನನಗೊಬ್ಬಳಿಗೇ!

ನನ್ನ ಬಾಯಲ್ಲಿ ಏನು ಬಂತು ಗೊತ್ತೇ? "ಹೂಂ ಅಮ್ಮಾವ್ರೇ." ನೆಲಮಾಳಿಗೆಯಲ್ಲಿ ಮ್ಯಾಟೀ ಅಷ್ಟು ಬೈದಳು, ಹೊಡೆಯುವ ಹಾಗೆ ಮಾಡಿದಳು, ಎಲ್ಲದಕ್ಕೂ ಅಭ್ಯಾಸ ಮಾಡಿದ್ದೆ. ಒಳ್ಳೆಯ ಮಾತಾಡಿ ಪುಸ್ತಕ ಕೊಟ್ಟರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಪೊಲೀಸರು. ನಾನು ಓಡಿಹೋಗಿ ಜೆನೀವಾ ಪಕ್ಕ ನಿಂತೆ. ಒಬ್ಬ ಪೊಲೀಸ್ ನನ್ನ ಮೊಣಕೈ ಹಿಡಿದು, "ಏಯ್, ದಾರಿ ಬಿಡ್ರೋ, ಈ ಆಂಟಿ ಪ್ರಿಚೆಟ್ ಅವರ ಮನೆ ಅಡಿಗೆಯವ್ಳು. ಮೆಟ್ಲು ನೋಡ್ಕೊಂಡಿಳಿ ಆಂಟಿ" ಎಂದು ಬೀದಿಯವರೆಗೆ ಬಿಟ್ಟುಬಂದ. "ನಾನೂ ಅವರ ಜೊತೆಯವಳೇ ಕಣಪ್ಪಾ" ಎಂದೆ. ಅವನು ನಕ್ಕ. ಗಾಡಿಯ ಕಿಟಕಿಯಿಂದ ಏಳು ಮುಖಗಳು ನನ್ನನ್ನೂ ನನ್ನ ಬುಟ್ಟಿಯನ್ನೂ ನೋಡುತ್ತಿದ್ದವು. ನನ್ನ ಜನ್ಮದಲ್ಲಿ ಇಷ್ಟು ಅವಮಾನ ಆಗಿರಲಿಲ್ಲ.

ಜೆನೀವಾ ಬಿಡುಗಡೆಯಾಗಿ ಬಂದಳು. ಹುಡುಗಿ ನಕ್ಕೂ ನಕ್ಕೂ ನನ್ನ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ನನ್ನ ಮುಖ ನೋಡಿ ಎದ್ದು ತಬ್ಬಿಕೊಂಡಳು.

ಬರುವ ಶನಿವಾರ ಮತ್ತೆ ಹೋಗುತ್ತಿದ್ದೇವೆ. ಬುಟ್ಟಿಯನ್ನು ಇವತ್ತೇ ದೊರೆಸಾನಿಯ ಮನೆಗೆ ತೆಗೆದುಕೊಂಡು ಹೋಗಿ ಅಲ್ಲೇ ಬಿಟ್ಟುಬಂದಿದ್ದೇನೆ. ನೀನು ಏನು ಬರೆಯುತ್ತೀಯೋ ನನಗೆ ಗೊತ್ತು. ಬರೆಯಬೇಡ.

ಓಜೆಲ್ಲಾ


ಡೆಟ್ರಾಯಿಟ್
ಏಪ್ರಿಲ್ 29, 1960

ಅಕ್ಕಾ,

ಬರೆಯಬೇಡ ಎಂದೆ, ಬರೆಯಲಿಲ್ಲ. ಶನಿವಾರ ಆಗಿ ಆರು ದಿನ. ಒಂದು ಸಾಲು ಇಲ್ಲ. ತಡೆಯಲಾರದೆ ನಿನ್ನೆ ಕ್ರಂಪ್ ಅವರ ಅಂಗಡಿಗೆ ಫೋನು ಮಾಡಿಸಿದೆ, ನಿಮ್ಮ ಬೀದಿಯಲ್ಲಿ ಫೋನು ಇರುವುದು ಅಲ್ಲಿ ಮಾತ್ರ ತಾನೇ. ಯಾವಳೋ ಹೊಸಬಳು ಎತ್ತಿಕೊಂಡಳು. "ಓಜೆಲ್ಲಾ ಟಾರ್ವರ್ ಹೇಗಿದ್ದಾರೆ?" ಎಂದೆ. ಅವಳು ಅಂಗಡಿಯವರ ಆ ಮೆತ್ತನೆ ದನಿಯಲ್ಲಿ, "ಆರಾಮಾಗಿ ಮಲಗಿದ್ದಾರೆ ಮೇಡಂ, ನೋಡೋಕೆ ಬರೋರೆಲ್ಲ ಹೂವು ತರ್ತಿದಾರೆ" ಎಂದಳು.

ಹೆಣದ ಪೆಟ್ಟಿಗೆಯ ಅಂಗಡಿ ಅಕ್ಕಾ! ನಾನು ಕಿರುಚಿದ್ದಕ್ಕೆ ಹೋಟೆಲಿನ ಮ್ಯಾನೇಜರು ಓಡಿಬಂದ. ಕ್ರಂಪ್ ಬಂದು ಫೋನು ಕಿತ್ತುಕೊಂಡು, "ವರ್ಡೀ, ಅಳ್ಬೇಡ, ನಿಮ್ಮಕ್ಕ ಜೈಲಿಂದ ಬಂದು ಅವರ ಮನೇಲೇ ಮಲಗಿದಾರೆ, ನಮ್ಮಲ್ಲಲ್ಲ" ಎನ್ನುವ ಹೊತ್ತಿಗೆ ನಾನು ನಿನ್ನ ಸಮಾಧಿಗೆ ಯಾವ ಹೂವು ಎಂದು ಯೋಚಿಸಿಯಾಗಿತ್ತು.

ಈ ಕಾಗದ ತಲುಪಿದ ಕೂಡಲೇ ಬರೆ. ಪೂರ್ತಿ ಬರೆ.

ವರ್ಡೀ


ಆರ್ಡೆಲ್
ಮೇ 3, 1960

ವರ್ಡೀ ಮರೀ,

ಯಾವ ಹೂವು ಎಂದು ತಿಳಿಸು, ಈಗಲೇ ಹೇಳಿಬಿಡುತ್ತೇನೆ ನನಗೆ ಇಷ್ಟವೋ ಇಲ್ಲವೋ ಎಂದು.

ಈ ಸಲ ಬರಿಗೈಯಲ್ಲಿ ಹೋದೆ. ಮಿಸ್ ಟ್ಯಾಲಿ, "ಪ್ರಿಚೆಟ್ ಅವರ ಚೀಟಿ ಎಲ್ಲಿ?" ಎಂದಳು. "ಚೀಟಿ ಇಲ್ಲ. ನನಗೇ ಒಂದು ಕಾರ್ಡು ಬೇಕು" ಎಂದೆ. "ಯಾರಿಗೆ?" "ನನಗೆ." "ಯಾರ ಹೆಸರಲ್ಲಿ?" "ಓಜೆಲ್ಲಾ ಟಾರ್ವರ್." ಮೂರು ಸಲ ಕೇಳಿದಳು, ಮೂರು ಸಲವೂ ಹೇಳಿದೆ. ಪಾಪ, ಅವಳ ಕಣ್ಣಲ್ಲಿ ನೀರು ಬಂತು. "ಯಾಕೆ ಹೀಗೆ ಮಾಡ್ತಿದೀಯ ಓಜೆಲ್ಲಾ, ಇಷ್ಟು ವರ್ಷ ಚೆನ್ನಾಗೇ ಇದ್ವಲ್ಲ" ಎಂದಳು. ಚೆನ್ನಾಗಿದ್ದದ್ದು ಯಾರು ಎಂದು ಕೇಳುವ ಮನಸ್ಸಾಯಿತು. ಅದರ ಬದಲು ಹೋಗಿ ಜೆನೀವಾ ಪಕ್ಕದ ಕುರ್ಚಿಯಲ್ಲಿ ಕೂತೆ. ಹಾಗೆ ಕೂತದ್ದು ಹನ್ನೊಂದು ನಿಮಿಷ. ಅಲ್ಲಿ ಬೆಳಕು ಓದುವುದಕ್ಕೆ ಬಹಳ ಚೆನ್ನಾಗಿದೆ.

ಅದೇ ಪೊಲೀಸ್ ಬಂದ. ಮೊಣಕೈ ಹಿಡಿಯಲು ಬಂದವನು ನನ್ನ ಕೈಯಲ್ಲಿ ಬುಟ್ಟಿ ಇಲ್ಲದ್ದು ನೋಡಿ ನಿಂತುಬಿಟ್ಟ. "ಆಂಟೀ, ಇವತ್ತೂ ತಪ್ಪಾಗಿ ಬಂದ್ಯಾ?" ಎಂದ. "ಇಲ್ಲಪ್ಪ, ಹೋದ್ಸಲ ತಪ್ಪಾಗಿತ್ತು" ಎಂದೆ. ಗಾಡಿ ಹತ್ತುವಾಗ ಟೊಪ್ಪಿಯ ಗರಿ ಬಾಗಿಲಿಗೆ ಸಿಕ್ಕಿ ಮುರಿಯಿತು, ಅದೊಂದೇ ನಷ್ಟ.

ಜೈಲಿನಲ್ಲಿ ಎರಡು ರಾತ್ರಿ. ಸೊಂಟಕ್ಕೆ ಆ ಹಲಗೆ ಹಿಡಿಸಲಿಲ್ಲ, ಅದಕ್ಕೇ ಮಲಗಿದ್ದು. ಉಳಿದಂತೆ ನನ್ನ ಕೋಣೆಯ ನಾಲ್ಕು ಹುಡುಗಿಯರಿಗೆ ದೊರೆಸಾನಿಯ ಪುಸ್ತಕಗಳ ಕಥೆ ಹೇಳುತ್ತಾ ಕಳೆದೆ. ಆಚೆ ಕೋಣೆಯಿಂದ ಗಂಡುಹುಡುಗರು, "ಆಂಟೀ, ಸ್ವಲ್ಪ ಜೋರಾಗಿ!" ಎಂದು ಕೂಗುತ್ತಿದ್ದರು. ಎರಡನೇ ದಿನ ಕಾವಲುಗಾರನೂ ಕುರ್ಚಿ ಹತ್ತಿರ ಎಳೆದುಕೊಂಡ.

ದೊರೆಸಾನಿಯೂ ಬಂದಿದ್ದಳು. ಸರಳಿನ ಆಚೆ ನಿಂತು ಮೊದಲು ಕೇಳಿದ್ದು, "ಓಜೆಲ್ಲಾ, ಆರು ಜನ ಊಟಕ್ಕೆ ಬರ್ತಿದಾರೆ, ಜರಡಿ ಎಲ್ಲಿಟ್ಟಿದೀಯ?" "ಎಡಗಡೆ ಮೂರನೇ ಖಾನೆ ಅಮ್ಮಾವ್ರೇ" ಎಂದೆ. ಆಮೇಲೆ ಆಕೆ ಸರಳಿಗೆ ಹತ್ತಿರ ಬಂದಳು. "ನಿಂಗೆ ಏನು ಕಮ್ಮಿ ಮಾಡಿದ್ದೆ? ಬೇಕಾದ ಪುಸ್ತಕ ಎಲ್ಲಾ ನಾನೇ ತರಿಸ್ತಿದ್ನಲ್ಲ?" "ನೀವು ತರಿಸಿದ್ದು ನಿಮಗೆ ಬೇಕಾದ್ದು ಅಮ್ಮಾವ್ರೇ" ಎಂದೆ. ಆಕೆ ಕೈಚೀಲ ಮುಚ್ಚಿಕೊಂಡು ಹೊರಟಳು.

ಈಗ ಚೆನ್ನಾಗಿದ್ದೇನೆ. ಮಂಡಿಗೆ ಒಳ್ಳೆಯ ವಿಶ್ರಾಂತಿ ಸಿಗುತ್ತಿದೆ.

ಓಜೆಲ್ಲಾ


ಡೆಟ್ರಾಯಿಟ್
ಮೇ 14, 1960

ಅಕ್ಕಾ,

ಮಂಡಿಗೆ ಎಣ್ಣೆ ಕಳಿಸಿದ್ದೇನೆ. ನಾತ ಕೆಟ್ಟದು, ಗುಣ ಒಳ್ಳೆಯದು. ದಿನಕ್ಕೆರಡು ಸಲ ತಿಕ್ಕಿಕೋ. ದೊರೆಸಾನಿಗೆ ಹೇಳಿ ಇನ್ನೊಂದು ವಾರ ರಜೆ ತೆಗೆದುಕೋ.

ಇನ್ನೊಂದು ಮಾತು. ಎಂಟು ದಿನದಿಂದ ಬರೆದು ಹರಿದು ಹಾಕುತ್ತಿದ್ದೇನೆ. ಜೈಲಿಗೆ ಹೋಗಿಬಂದವಳಿಗೆ ಸುಳ್ಳು ಹೇಳಲಾಗುವುದಿಲ್ಲ.

ನನ್ನ ಹತ್ತಿರ ಕಾರ್ಡು ಇಲ್ಲ. ಹಳದಿಯೂ ಇಲ್ಲ, ಹಸಿರೂ ಇಲ್ಲ. ಇಲ್ಲಿಗೆ ಬಂದು ಹನ್ನೊಂದು ವರ್ಷ, ದಿನಾ ಬಸ್ಸಿನಲ್ಲಿ ಆ ದೊಡ್ಡ ಬಿಳಿ ಕಟ್ಟಡದ ಮುಂದೆಯೇ ಹೋಗುತ್ತೇನೆ. ಎರಡು ಸಲ ಇಳಿದಿದ್ದೇನೆ. ಒಂದು ಸಲ ಮೆಟ್ಟಿಲವರೆಗೂ ಹೋದೆ. ಯಾರೂ ತಡೆಯಲಿಲ್ಲ. ತಡೆಯುವವರೇ ಇರಲಿಲ್ಲ. ಆದರೂ ಒಳಗೆ ಹೋದರೆ ಯಾರಾದರೂ, "ಯಾರ ಮನೆ ಕೆಲಸಕ್ಕೆ ಬಂದಿದ್ದು?" ಎಂದು ಕೇಳುತ್ತಾರೆ ಎನಿಸಿ ತಿರುಗಿ ಬಂದೆ. ಉತ್ತರದ ಊರುಗಳಲ್ಲಿ ಎಲ್ಲ ಸಿಗುತ್ತದೆ ಎಂದು ಹೇಳಿಕೊಂಡು ಬಂದವಳು, ಇದನ್ನು ನಿನಗೆ ಹೇಗೆ ಬರೆಯಲಿ?

ನೀಲಿ ರಟ್ಟಿನ ಪುಸ್ತಕವೂ ಇಲ್ಲ. ಬೈಯಿ.

ವರ್ಡೀ


ಆರ್ಡೆಲ್
ಜೂನ್ 2, 1960

ವರ್ಡೀ,

ಹುಚ್ಚೀ, ನನಗೆ ಐದು ವರ್ಷದಿಂದ ಗೊತ್ತು. ಕೇಳಿದಾಗಲೆಲ್ಲ ನೀಲಿ ರಟ್ಟು, ಬಹಳ ಜನ ಸಾಯುತ್ತಾರೆ. ಡೆಟ್ರಾಯಿಟ್‌ನಲ್ಲಿ ಬೇರೆ ಬಣ್ಣದ ಪುಸ್ತಕವೇ ಇಲ್ಲವೇ? ಸಾಯದೆ ಉಳಿದವರು ಒಬ್ಬರೂ ಇಲ್ಲವೇ? ಆದರೂ ಕೇಳುತ್ತಲೇ ಇದ್ದೆ, ಒಂದು ದಿನ ನೀನು ನಾಚಿಕೆಗಾದರೂ ಹೋಗಿ ತರುತ್ತೀಯ ಎಂದು. ಬೈಯಬೇಕೆಂದು ಕೂತೆ, ಬೈಗುಳ ಬರಲಿಲ್ಲ. ನಮ್ಮವ್ವ ನಮಗಿಬ್ಬರಿಗೂ ಕಲಿಸಿದ ಮೊದಲ ಪಾಠ ಯಾವ ಬಾಗಿಲಿಗೆ ಹೋಗಬಾರದು ಎನ್ನುವುದು. ಪಾಠ ನಮ್ಮ ಜೀವ ಉಳಿಸುವುದಕ್ಕೇ ಹೇಳಿದ್ದು. ಬಿಡಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ.

ನನ್ನದೂ ಒಂದು ಸುಳ್ಳು ಇದೆ. ಮಂಡಿಗೆ ವಿಶ್ರಾಂತಿ ಸಿಕ್ಕಿದ್ದು ಯಾಕೆಂದರೆ ದೊರೆಸಾನಿ ನನ್ನನ್ನು ಕೆಲಸದಿಂದ ತೆಗೆದಳು. ಜೈಲಿನಿಂದ ಬಂದ ಮಾರನೆಯ ದಿನವೇ. ನೀನು ಅಳುತ್ತೀಯ ಎಂದು ಬರೆಯಲಿಲ್ಲ. ಅಳಬೇಡ. ಈಗ ನನ್ನ ಅಡಿಗೆಮನೆಯಲ್ಲೇ ಕೇಕು ಮಾಡಿ ಮಾರುತ್ತೇನೆ. ಊರಿನಲ್ಲಿ ನಮ್ಮವರು ಯಾರು ಸತ್ತರೂ ತಿಥಿಯೂಟಕ್ಕೆ ಕ್ರಂಪ್ ನನ್ನ ಕೇಕನ್ನೇ ಹೇಳುತ್ತಾನೆ. ನಿನ್ನ ಎಣ್ಣೆಯನ್ನು ಮ್ಯಾಟೀಗೆ ಕೊಟ್ಟೆ, ಚರ್ಚಿನಲ್ಲಿ ಈಗ ಅವಳ ಸುತ್ತ ಮೂರು ಬೆಂಚು ಖಾಲಿ.

ಲೈಬ್ರರಿ ಮುಚ್ಚಿದೆ. ನಮ್ಮನ್ನು ಒಳಗೆ ಬಿಡುವ ಬದಲು ಮಂಡಳಿಯವರು ಬೀಗವೇ ಹಾಕಿಬಿಟ್ಟರು. ನಮ್ಮ ವಕೀಲರು ಕೋರ್ಟಿಗೆ ಹೋಗಿದ್ದಾರೆ.

ನಿನ್ನೆ ಏನಾಯಿತು ಕೇಳು. ದೊರೆಸಾನಿಯ ಕಾರು ನನ್ನ ಬಾಗಿಲಿಗೆ ಬಂತು. ಬೀದಿಯವರೆಲ್ಲ ಕಿಟಕಿಯಲ್ಲಿ. ಆಕೆ ಮೆಟ್ಟಿಲ ಮೇಲೆ ನಿಂತು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ಓಜೆಲ್ಲಾ, ಆ ದೀಪಸ್ತಂಭದ ಕಥೆ ಅರ್ಧಕ್ಕೆ ನಿಂತಿತ್ತಲ್ಲ, ಕೊನೆಗೆ ಆ ಹುಡುಗಿ ಏನಾದ್ಲು? ನಾಳೆ ಗುರುವಾರ" ಎಂದಳು.

"ಪುಸ್ತಕ ನಿಮ್ಮನೇಲೇ ಇದೆಯಲ್ಲ ಅಮ್ಮಾವ್ರೇ?"

"ಓದಕ್ಕೆ ಕೂತೆ. ನೀನು ಹೇಳೋ ಹಾಗೆ ಅದರಲ್ಲಿಲ್ಲ. ಅರ್ಧ ಮಾತು ನಿಂದೇ ಅಂತ ಈಗ ಗೊತ್ತಾಗ್ತಿದೆ."

ವರ್ಡೀ, ಇಪ್ಪತ್ತಮೂರು ವರ್ಷದಲ್ಲಿ ಆಕೆ ಹೇಳಿದ ಒಂದೇ ನಿಜ ಅದು. ನನಗೆ ಸ್ವಲ್ಪ ಕನಿಕರವಾಯಿತು. ಆದರೂ, "ನಾನೂ ಕೊನೆವರೆಗೆ ಓದಿಲ್ಲ. ಕಾರ್ಡು ಸಿಕ್ಕಿದ್ಮೇಲೆ ತಗೊಂಡು ಓದಿ ಹೇಳ್ತೀನಿ" ಎಂದೆ. ನಿಜ ಹೇಳಬೇಕೆಂದರೆ ಎರಡು ಸಲ ಓದಿದ್ದೆ.

ಓಜೆಲ್ಲಾ


ಆರ್ಡೆಲ್
ಸೆಪ್ಟೆಂಬರ್ 20, 1960

ವರ್ಡೀ,

ಗೆದ್ದೆವು! ಎಲ್ಲರಿಗೂ ತೆರೆಯಿರಿ ಎಂದು ನ್ಯಾಯಾಧೀಶರು ಹೇಳಿದರು. ಸೋಮವಾರ ತೆರೆದರು. ನಾವು ಮೂವತ್ತು ಜನ ಸಾಲಾಗಿ ಮುಂಬಾಗಿಲಿನಿಂದ ಒಳಗೆ ಹೋದೆವು. ಹೋಗಿ ನೋಡಿದರೆ ಒಂದು ಕುರ್ಚಿಯೂ ಇಲ್ಲ!

ನಿಜ ಕಣೇ. ಮೇಜೂ ಇಲ್ಲ, ಬೆಂಚೂ ಇಲ್ಲ. ನಮ್ಮವರೂ ಬಿಳಿಯರೂ ಅಕ್ಕಪಕ್ಕ ಕೂರುವುದನ್ನು ನೋಡಲಾರದೆ ಮಂಡಳಿಯವರು ಎಲ್ಲವನ್ನೂ ಹೊತ್ತು ಉಗ್ರಾಣಕ್ಕೆ ಹಾಕಿದ್ದಾರೆ. ಜೆನೀವಾ ಸುತ್ತ ನೋಡಿ, "ಹಾಗಾದ್ರೆ ನಿಲ್ಲೋದಕ್ಕೆ ಅವರ ಅಭ್ಯಂತರ ಇಲ್ಲ" ಎಂದಳು. ನಿಂತೇ ಓದಿದೆವು.

ತಮಾಷೆ ಆಮೇಲೆ. ಬೆಳಿಗ್ಗೆ ಪೇಪರು ಓದುವುದಕ್ಕೆ ದಿನಾ ಬರುವ ಬಿಳಿಯ ಮುದುಕರು ನಾಲ್ಕೈದು ಜನ ಇದ್ದಾರೆ. ಅವರಿಗೂ ಕುರ್ಚಿ ಇಲ್ಲ. ಹ್ಯಾಸ್ಕೆಲ್ ಎನ್ನುವ ಮುದುಕ ನನ್ನ ಪಕ್ಕದ ಕಪಾಟಿಗೆ ಒರಗಿ ಕಾಲು ಬದಲಾಯಿಸುತ್ತಿದ್ದ. ಅರ್ಧ ಗಂಟೆ ನನ್ನತ್ತ ತಿರುಗಿಯೂ ನೋಡಲಿಲ್ಲ. ಕೊನೆಗೆ ಪೇಪರಿನ ಹಿಂದಿನಿಂದಲೇ, "ಇದೆಲ್ಲಾ ನಿಮ್ಮಿಂದ ಆಗಿದ್ದು" ಎಂದ. "ಕುರ್ಚಿ ಹೊತ್ಕೊಂಡು ಹೋಗಿದ್ದು ನಾವಲ್ಲ ಸ್ವಾಮಿ" ಎಂದೆ. ಅವನು ಪೇಪರು ಕೆಳಗಿಳಿಸಿದ. "ನಿನಗೂ ಮಂಡಿ ನೋವಾ?" ಎಂದ. "ಹೂಂ, ಬಲಗಡೆ." "ನನಗೆ ಎರಡೂ" ಎಂದು ಮತ್ತೆ ಪೇಪರಿಗೆ ಹೋದ. ಆ ದಿನವೇ ಮಂಡಳಿಗೆ ದೂರು ಬರೆದನಂತೆ, ನಮ್ಮ ಮೇಲಲ್ಲ, ಕುರ್ಚಿಯ ಮೇಲೆ.

ಕಾರ್ಡಿಗೆ ಅರ್ಜಿ ಕೊಟ್ಟಿದ್ದೇನೆ. ಮೊದಲು ಅರ್ಧ ಪುಟ ಇತ್ತಂತೆ, ಈಗ ನಾಲ್ಕು ಪುಟ. ತಂದೆ ಎಲ್ಲಿ ಹುಟ್ಟಿದರು, ಪುಸ್ತಕ ಯಾಕೆ ಬೇಕು, ಊರಿನಲ್ಲಿ ಸ್ವಂತ ಮನೆ ಇರುವ ಇಬ್ಬರು ನಿಮ್ಮ ನಡತೆಗೆ ಸಾಕ್ಷಿ ಹಾಕಬೇಕು. ಕ್ರಂಪ್ ಒಂದು ಸಹಿ ಹಾಕಿದ, ಮ್ಯಾಟೀ ಇನ್ನೊಂದು. ದೊರೆಸಾನಿ ತಾನಾಗಿ ಹೇಳಿಕಳಿಸಿದ್ದಳು, ನಾನು ಹಾಕುತ್ತೇನೆ ಎಂದು. ಬೇಡ ಎಂದೆ. ಪುಸ್ತಕ ಯಾಕೆ ಬೇಕು ಎಂಬಲ್ಲಿ "ಓದಲು" ಎಂದು ಬರೆದೆ. ಪರಿಶೀಲಿಸಿ ಒಂದು ತಿಂಗಳಿಗೆ ತಿಳಿಸುತ್ತಾರಂತೆ. ಸಿಗದಿದ್ದರೆ ಮತ್ತೆ ಅರ್ಜಿ, ಮತ್ತೆ ಕೋರ್ಟು. ಬಾಯಲ್ಲಿ ಹೀಗನ್ನುತ್ತೇನೆ, ಅಂಚೆಯವನು ಬಂದಾಗ ಮಾತ್ರ ಕೇಕಿನ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಓಡುತ್ತೇನೆ.

ಓಜೆಲ್ಲಾ


ಡೆಟ್ರಾಯಿಟ್
ಅಕ್ಟೋಬರ್ 9, 1960

ಅಕ್ಕಾ,

ನಿನ್ನ ಕುರ್ಚಿಯ ಕಥೆ ಓದಿ ಎಲ್‌ರಾಯ್ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ಗೆದ್ದ ಸುದ್ದಿಯನ್ನು ಹೋಟೆಲಿನ ಬಟ್ಟೆ ಕೋಣೆಯಲ್ಲಿ ಓದಿ ಹೇಳಿದೆ, ಹನ್ನೆರಡು ಜನ ಹೆಂಗಸರು ದಿಂಬಿನ ಚೀಲ ಬೀಸಿ ಕೂಗಿದೆವು.

ಮೊನ್ನೆ ನಾನು ಮತ್ತೆ ಬಸ್ಸಿಳಿದೆ. ಈ ಸಲ ಬಾಗಿಲವರೆಗೆ. ಹಿತ್ತಾಳೆ ಹಿಡಿಯ ಮೇಲೆ ಕೈಯನ್ನೂ ಇಟ್ಟೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಬಂದು ನನಗಾಗಿ ಬಾಗಿಲು ಹಿಡಿದರು, ನಾನು "ಥ್ಯಾಂಕ್ಸ್" ಎಂದು ಹೇಳಿ ತಿರುಗಿ ಮೆಟ್ಟಿಲು ಇಳಿದುಬಿಟ್ಟೆ. ನಗಬೇಡ. ನಿನ್ನ ಕಾರ್ಡು ಬಂದ ದಿನ ತಿಳಿಸು.

ವರ್ಡೀ


ಆರ್ಡೆಲ್
ಅಕ್ಟೋಬರ್ 23, 1960

ವರ್ಡೀ,

ಬಂತು.

ಗುಲಾಬಿ ಬಣ್ಣ, ಅಂಗೈಯಷ್ಟು ಅಗಲ. ಟೈಪು ಹೊಡೆದಿದ್ದಾರೆ, ಮಿಸೆಸ್ ಓಜೆಲ್ಲಾ ಟಾರ್ವರ್ ಎಂದು. ಕಾರ್ಡು ಕೊಡುವಾಗ ಹೆಸರು ಗಟ್ಟಿಯಾಗಿ ಓದಬೇಕೆಂದು ಅವರದೇ ನಿಯಮ. ಮಿಸ್ ಟ್ಯಾಲಿ ಅದನ್ನು ಹಿಡಿದುಕೊಂಡು ನುಂಗಿ ನುಂಗಿ ಓದಿದಳು. ಬಿಳಿಯರ ಬಾಯಲ್ಲಿ ನನ್ನ ಹೆಸರಿನ ಮುಂದೆ ಮಿಸೆಸ್ ಬಂದದ್ದು ಇದೇ ಮೊದಲು. ಕೇಳಿಸಲಿಲ್ಲ ಎಂದು ಹೇಳಿ ಇನ್ನೊಮ್ಮೆ ಓದಿಸೋಣ ಎಂದುಕೊಂಡೆ. ಮಂಡಳಿ ಹೋದ ವಾರ ಕುರ್ಚಿಗಳನ್ನೂ ವಾಪಸು ತಂದಿದೆ, ಹ್ಯಾಸ್ಕೆಲ್ ಆಗಲೇ ಒಂದರಲ್ಲಿ ಗೊರಕೆ ಹೊಡೆಯುತ್ತಿದ್ದ.

ಆಮೇಲೆ ಅವಳು, "ಯಾವ ಪುಸ್ತಕ ಬೇಕು?" ಎಂದಳು.

ವರ್ಡೀ, ನನಗೆ ಗೊತ್ತಿರಲಿಲ್ಲ. ಕಾರ್ಡು ಬೇಕು ಕಾರ್ಡು ಬೇಕು ಎಂದು ಜೈಲಿಗೆ ಹೋದೆ, ಕೆಲಸ ಕಳೆದುಕೊಂಡೆ, ನಿಂತು ನಿಂತು ಮಂಡಿ ಸವೆಸಿದೆ. ಯಾವ ಪುಸ್ತಕ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಇಷ್ಟು ವರ್ಷ ಚೀಟಿಯಲ್ಲಿ ಇದ್ದದ್ದನ್ನು ತಂದೆ, ಬಂದದ್ದನ್ನು ಓದಿದೆ. ನಿನಗೆ ಏನು ಇಷ್ಟ ಎಂದು ನನ್ನನ್ನು ಯಾರು ಕೇಳಿದ್ದರು? ನಾನಾದರೂ ಕೇಳಿಕೊಂಡಿದ್ದೆನೇ? ಮೇಜಿನ ಮುಂದೆ ನಿಂತು ಅಳು ಬಂದುಬಿಟ್ಟಿತು. ಮಿಸ್ ಟ್ಯಾಲಿ ಗಾಬರಿಯಾಗಿ ತನ್ನ ಕರವಸ್ತ್ರ ಕೊಟ್ಟಳು. "ನಿಧಾನಕ್ಕೆ ನೋಡಿ" ಎಂದಳು. "ನೋಡಿ" ಎಂದಳು ನೋಡು, "ನೋಡು" ಎನ್ನಲಿಲ್ಲ.

ಒಂದು ಗಂಟೆ ಕಪಾಟುಗಳ ನಡುವೆ ತಿರುಗಿದೆ. ತೆಗೆದೆ, ಇಟ್ಟೆ. ಇದು ದೊರೆಸಾನಿಗೆ ಹಿಡಿಸುತ್ತದೆ ಎನಿಸಿದ್ದನ್ನೆಲ್ಲ ಇಟ್ಟುಬಿಟ್ಟೆ. ಕಿಟಕಿಯ ಹತ್ತಿರ ಕೆಳಗಿನ ಸಾಲಿನಲ್ಲಿ ಒಂದು ಸಿಕ್ಕಿತು. ನಾಲ್ಕು ಸಾಲು ಓದಿದೆ, ಕೈ ಬಿಡಲಿಲ್ಲ. ಅದನ್ನೇ ತಂದೆ.

ಜಗುಲಿಯ ಮೇಲೆ ಕೂತು ಸಂಜೆಯವರೆಗೆ ಓದಿದೆ. ಓದುತ್ತಾ ಓದುತ್ತಾ, ಈ ಭಾಗವನ್ನು ಹೀಗೆ ಹೇಳಬೇಕು, ಇಲ್ಲಿ ಸ್ವಲ್ಪ ನಗಿಸಬೇಕು, ಈ ಮಾತು ಕೂಟದಲ್ಲಿ ಒಪ್ಪುತ್ತದೆ ಎಂದು ಮನಸ್ಸು ತನ್ನಷ್ಟಕ್ಕೆ ಜೋಡಿಸತೊಡಗಿತು. ನಡುವೆ ತಟ್ಟನೆ ನಿಲ್ಲಿಸಿದೆ. ಇದನ್ನು ಯಾರಿಗೂ ಹೇಳಬೇಕಾಗಿಲ್ಲ. ಮತ್ತೆ ಮೊದಲ ಪುಟಕ್ಕೆ ಹೋಗಿ ನಿಧಾನವಾಗಿ ಓದಿದೆ. ಇಷ್ಟು ಸಂತೋಷ ಒಬ್ಬಳಿಗೇ ಆಗಬಹುದು ಎಂದು ನನಗೆ ತಿಳಿದಿರಲಿಲ್ಲ.

ನಿನಗೂ ಹೇಳುವುದಿಲ್ಲ. ಹೆಸರನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ. ನಿಮ್ಮ ಬಿಳಿ ಕಟ್ಟಡದಲ್ಲಿ ಖಂಡಿತ ಇರುತ್ತದೆ.

ಓಜೆಲ್ಲಾ


ಡೆಟ್ರಾಯಿಟ್
ನವೆಂಬರ್ 5, 1960

ಅಕ್ಕಾ,

ಹಸಿರು ರಟ್ಟು. ನೂರ ಹನ್ನೆರಡನೇ ಪುಟದಲ್ಲಿದ್ದೇನೆ, ಇನ್ನೂ ಯಾರೂ ಸತ್ತಿಲ್ಲ. ಮುಗಿಯುವವರೆಗೆ ಕಾಗದ ಬರೆದು ತೊಂದರೆ ಕೊಡಬೇಡ.

ಮಿಸೆಸ್ ವರ್ಡೀ ಪೀಪಲ್ಸ್